ಗಾಳ ಹಾಕುವ ಮುಂಚೆ ಒಂದು ಕಲ್ಲು ಎತ್ತಿ ನೋಡಿ: ಫ್ಲೈ ಫಿಶಿಂಗ್ ಕ್ಲಬ್ ಹೊಳೆ ಕಾಯುವ ಬಗೆ

ಫ್ಲೈ ಫಿಶಿಂಗ್ ಕ್ಲಬ್ ಕಟ್ಟುವುದು ದೊಡ್ಡ ಕೆಲಸ ಅಲ್ಲ. ಆಸಕ್ತಿ ಇರುವ ಏಳೆಂಟು ಜನ, ತಿಂಗಳಿಗೆ ಒಂದೆರಡು ರಜಾ ದಿನ, ಹತ್ತಿರದಲ್ಲಿ ಒಂದು ಹೊಳೆ ಇದ್ದರೆ ಸಾಕು. ಕಷ್ಟ ಶುರುವಾಗುವುದು ಆಮೇಲೆ. ಬರೀ ಮೀನು ಹಿಡಿಯೋಕೆ ಸೇರಿದ ಗುಂಪು ಮೀನು ಸಿಗುವ ತನಕ ಇರುತ್ತದೆ. ಮೀನು ಕಮ್ಮಿಯಾದ ವರ್ಷ ಒಬ್ಬೊಬ್ಬರಾಗಿ ಬೇರೆ ಹೊಳೆ ಹುಡುಕಿಕೊಂಡು ಹೋಗುತ್ತಾರೆ, ಈ ಹೊಳೆಗೆ ಏನಾಯ್ತು ಅಂತ ಕೇಳುವುದಕ್ಕೆ ಯಾರೂ ಉಳಿಯುವುದಿಲ್ಲ. ಅದಕ್ಕೇ ಹೊಳೆ ಕಾಯುವ ಕೆಲಸವನ್ನು ಮೊದಲ ದಿನದಿಂದಲೇ ಕ್ಲಬ್ಬಿನ ರೂಢಿಯಾಗಿ ಮಾಡಿಬಿಡಿ. ವರ್ಷಕ್ಕೊಮ್ಮೆ ಬ್ಯಾನರ್ ಕಟ್ಟಿ ಕಸ ಹೆಕ್ಕಿದರೆ ಆಗುವ ಕೆಲಸ ಇದಲ್ಲ. ಹೊಳೆಗೆ ಹೋದಾಗಲೆಲ್ಲ, ಗಾಳ ಹಾಕುವ ಮುಂಚೆ, ಒಂದಿಷ್ಟು ಹೊತ್ತು ಇದಕ್ಕೇ ಎತ್ತಿಡಬೇಕು.

ಈ ಕೆಲಸ ಫ್ಲೈ ಫಿಶಿಂಗ್ ಮಾಡುವವರಿಗೆ ಬೇಗ ಕೈಗೆ ಹತ್ತುತ್ತದೆ. ಯಾಕೆ ಅಂದರೆ ನಾವು ಗಾಳಕ್ಕೆ ಎರೆಹುಳು ಸಿಕ್ಕಿಸುವುದಿಲ್ಲ. ಕೊಕ್ಕೆಗೆ ಗರಿ, ತುಪ್ಪಳ, ದಾರ ಸುತ್ತಿ ಹುಳದ ಥರ ಕಾಣುವ ಫ್ಲೈ ಕಟ್ಟುತ್ತೇವೆ. ಈಗ ಹೊಳೆಯಲ್ಲಿ ಯಾವ ಹುಳ ಇದೆ, ಎಷ್ಟು ದೊಡ್ಡದು, ಯಾವ ಬಣ್ಣದ್ದು, ತಳದಲ್ಲಿದೆಯಾ ಇಲ್ಲ ಮೇಲೆ ತೇಲುತ್ತಿದೆಯಾ, ಇಷ್ಟು ಗೊತ್ತಿಲ್ಲದೆ ಸರಿಯಾದ ಫ್ಲೈ ಆರಿಸೋಕೆ ಆಗಲ್ಲ ಅಲ್ವಾ? ನೀರು ಚೆನ್ನಾಗಿದೆಯೋ ಕೆಟ್ಟಿದೆಯೋ ಅಂತ ಹೇಳುವುದೂ ಇದೇ ಹುಳುಗಳೇ. ಅರ್ಧ ಪಾಠ ನಮಗೆ ಆಗಲೇ ಬಂದಿದೆ, ಇನ್ನರ್ಧ ಎಣಿಸಿ ಬರೆದಿಡುವುದು.

ಹೊಸಬರು ಬಂದರೆ ನೇರವಾಗಿ ನೀರಿಗೆ ಇಳಿಸಬೇಡಿ. ಹುಲ್ಲಿನ ಮೈದಾನದಲ್ಲಿ ಶುರು ಮಾಡಿ. ಫ್ಲೈಗೆ ತೂಕವೇ ಇಲ್ಲ, ಅದನ್ನು ದೂರ ಒಯ್ಯುವುದು ಲೈನಿನ ತೂಕ. ಹಾಗಾಗಿ ತೋಳಿನ ಬಲಕ್ಕಿಂತ ಕಾಯುವುದನ್ನು ಕಲಿಯಬೇಕು. ರಾಡನ್ನು ಹಿಂದಕ್ಕೆ ತಂದು ಗಕ್ಕನೆ ನಿಲ್ಲಿಸಿ, ಲೈನ್ ಹಿಂದುಗಡೆ ಪೂರ್ತಿ ಬಿಚ್ಚಿಕೊಳ್ಳಲು ಬಿಡಿ, ಆಮೇಲೆ ಮುಂದಕ್ಕೆ ತಂದು ಮತ್ತೆ ನಿಲ್ಲಿಸಿ. ಪಕ್ಕದಲ್ಲಿ ಒಂದು ದೊಡ್ಡ ಗಡಿಯಾರ ಇದೆ ಅಂದುಕೊಂಡರೆ ರಾಡಿನ ಓಡಾಟ 10 ಗಂಟೆಗೂ 2 ಗಂಟೆಗೂ ನಡುವೆ ಇರಬೇಕು. 9 ಅಡಿಯ 5 ನಂಬರ್ (ಈ ನಂಬರ್ ಲೈನಿನ ತೂಕದ್ದು) ರಾಡ್ ಇದ್ದರೆ ಹೆಚ್ಚಿನವರಿಗೆ ಸಾಕಾಗುತ್ತದೆ. ಲೀಡರ್ ಅಂದರೆ ಲೈನಿನ ತುದಿಗೆ ಕಟ್ಟುವ ತೆಳು ದಾರ, ಅದರ ತುದಿಗೆ ಕೊಕ್ಕೆ ಬದಲು ಒಂದು ತುಂಡು ಉಣ್ಣೆ ದಾರ ಕಟ್ಟಿ. ಕಣ್ಣಿಗೆ ಕನ್ನಡಕ ಮಾತ್ರ ಬೇಕೇ ಬೇಕು, ಉಣ್ಣೆ ಕಟ್ಟಿದ್ದಾಗಲೂ ಬೇಕು, ಆಗಲೇ ಅಭ್ಯಾಸ ಆಗುವುದು. ಹೊಳೆಗೆ ಹೋಗುವ ಮುಂಚೆ ಅಲ್ಲಿನ ಲೈಸೆನ್ಸ್, ಮೀನು ಹಿಡಿಯಬಾರದ ತಿಂಗಳುಗಳು, ದಡದ ಜಾಗ ಯಾರದ್ದು ಅನ್ನುವುದನ್ನು ಒಬ್ಬರು ಹೊಣೆ ತೆಗೆದುಕೊಂಡು ವಿಚಾರಿಸಬೇಕು. ತಳ ಕೆದಕಿ ಹುಳ ಎಣಿಸುವುದಕ್ಕೂ ಅನುಮತಿ ಬೇಕಾ ಅಂತ ಅದೇ ಸಲ ಕೇಳಿಬಿಡಿ.

ಹುಳ ಎಣಿಸುವ ಬಗೆ

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಉಳಿದಿದ್ದೆಲ್ಲ ಇದರ ಮೇಲೆ ನಿಂತಿದೆ. ಬ್ರಿಟನ್ನಿನಲ್ಲಿ ಗಾಳಗಾರರೇ ಸೇರಿ ನಡೆಸುವ ರಿವರ್‌ಫ್ಲೈ ಎಣಿಕೆಯ ವಿಧಾನ ಇದು. ಸಲಕರಣೆ ಜಾಸ್ತಿ ಬೇಡ. ಹಿಡಿ ಇರುವ ಒಂದು ಸಣ್ಣ ಕಣ್ಣಿನ ಬಲೆ, ಒಂದು ಬಕೆಟ್, ಅಗಲವಾದ ಬಿಳಿ ಟ್ರೇ, ಪ್ಲಾಸ್ಟಿಕ್ ಚಮಚ, ಭೂತಗನ್ನಡಿ, ಗಡಿಯಾರ.

ಮೊಣಕಾಲಿಗಿಂತ ಕಮ್ಮಿ ನೀರು ಇರುವ, ಕಲ್ಲುಗಳ ಮೇಲೆ ಜುಳುಜುಳು ಹರಿಯುವ ಜಾಗ ಆರಿಸಿ. ಒಬ್ಬರು ನೀರಲ್ಲಿ, ಒಬ್ಬರು ದಡದಲ್ಲಿ. ಒಬ್ಬರೇ ಇಳಿಯಬೇಡಿ. ನೀರು ಹರಿದು ಹೋಗುವ ಕಡೆಗೆ ಬಲೆಯನ್ನು ತಳಕ್ಕೆ ಒತ್ತಿ ಹಿಡಿದು, ಅದರ ಮೇಲ್ಗಡೆ ನಿಂತು ಕಾಲಿನಿಂದ ಕಲ್ಲು ಜಲ್ಲಿ ಕೆದಕಬೇಕು. ಎದ್ದ ಹುಳುಗಳು ಹರಿವಿನ ಜೊತೆ ಬಂದು ಬಲೆಗೆ ಬೀಳುತ್ತವೆ. ಒಟ್ಟು 3 ನಿಮಿಷ. ಆದರೆ ಒಂದೇ ಕಡೆ ಅಲ್ಲ: ಜಲ್ಲಿ ಇರುವಲ್ಲಿ ಸ್ವಲ್ಪ, ಜೊಂಡಿನ ಬುಡದಲ್ಲಿ ಸ್ವಲ್ಪ, ದಡದ ಬೇರಿನ ಸಂದಿಯಲ್ಲಿ ಸ್ವಲ್ಪ. ಆಮೇಲೆ ಇನ್ನೊಂದು ನಿಮಿಷ, ದೊಡ್ಡ ಕಲ್ಲುಗಳನ್ನು ಕೈಯಲ್ಲಿ ಎತ್ತಿ ತಿರುಗಿಸಿ, ಅಂಟಿಕೊಂಡಿರುವುದನ್ನು ಬಲೆಯೊಳಗೆ ತೊಳೆಯಿರಿ. ಕಲ್ಲನ್ನು ಮೊದಲು ಇದ್ದ ಜಾಗದಲ್ಲೇ, ಮೊದಲಿದ್ದ ಹಾಗೇ ಇಡಿ. ಅದು ಒಂದಷ್ಟು ಜೀವಗಳ ಮನೆ.

ಟ್ರೇಯಲ್ಲಿ ಒಂದೆರಡು ಬೆರಳು ನೀರು ತುಂಬಿ ಬಲೆಯನ್ನು ಅದರೊಳಗೆ ಮಗುಚಿ. ಮೊದಲಿಗೆ ಬರೀ ಕಸ ಕಾಣುತ್ತದೆ. ಎಲೆ ಚೂರು, ಮರಳು, ಕಡ್ಡಿ. ಸುಮ್ನೆ ಒಂದು ನಿಮಿಷ ನೋಡುತ್ತಾ ಕೂತುಕೊಳ್ಳಿ. ಕಡ್ಡಿ ಅಂದುಕೊಂಡಿದ್ದು ಮೆಲ್ಲಗೆ ನಡೆಯಲು ಶುರು ಮಾಡುತ್ತದೆ. ಅದು ಕ್ಯಾಡಿಸ್ ಅನ್ನುವ ರೆಕ್ಕೆಹುಳದ ಮರಿ. ತನ್ನ ಬಾಯಿಂದ ಬರುವ ರೇಷ್ಮೆಯಲ್ಲಿ ಮರಳಿನ ಕಣ, ಎಲೆಯ ತುಂಡು ಅಂಟಿಸಿ ಕೊಳವೆ ಕಟ್ಟಿಕೊಂಡು ಅದರೊಳಗೆ ಇರುತ್ತದೆ, ಮುಂದಿನ ತುದಿಯಿಂದ ತಲೆ ಮತ್ತು ಆರು ಕಾಲು ಮಾತ್ರ ಆಚೆ. ಪಕ್ಕದಲ್ಲಿ ಮೂರು ಬಾಲ ಇರುವ ಇನ್ನೊಂದು, ಹೊಟ್ಟೆಯ ಎರಡೂ ಬದಿ ಸಣ್ಣ ಎಲೆಗಳಂಥ ಕಿವಿರು ಪಟಪಟ ಅಲ್ಲಾಡುತ್ತಿರುತ್ತದೆ, ಅದು ಮೇಫ್ಲೈ. ಎರಡೇ ಬಾಲ ಇದ್ದು, ಹೊಟ್ಟೆಯ ಬದಿಯಲ್ಲಿ ಅಂಥ ಕಿವಿರು ಇಲ್ಲದೆ, ಕಲ್ಲಿನ ಮೇಲೆ ಚಪ್ಪಟೆಯಾಗಿ ತೆವಳಿದರೆ ಸ್ಟೋನ್‌ಫ್ಲೈ. ಇದಕ್ಕೆ ತಣ್ಣಗಿನ, ಆಮ್ಲಜನಕ ತುಂಬಿರುವ ನೀರೇ ಬೇಕು. ಚರಂಡಿ ನೀರು ಸೇರಿದರೆ ಮೊದಲು ಜಾಗ ಖಾಲಿ ಮಾಡುವವರಲ್ಲಿ ಇದೂ ಒಂದು. ಟ್ರೇ ತುಂಬ ಬರೀ ಕೆಂಪು ಹುಳು, ಜಿಗಣೆ ಇದ್ದರೆ ನೀರಿನಲ್ಲಿ ಉಸಿರಿಲ್ಲ ಅಂತ ಅರ್ಥ ಮಾಡಿಕೊಳ್ಳಿ.

ಒಂದೊಂದನ್ನೂ ಎಣಿಸಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಕ್ಯಾಡಿಸ್, ಮೇಫ್ಲೈ, ಸ್ಟೋನ್‌ಫ್ಲೈ ಹೀಗೆ ಪ್ರತಿ ಗುಂಪಿಗೂ ಅಂಕ ಕೊಡಿ. 1ರಿಂದ 9 ಇದ್ದರೆ 1 ಅಂಕ, 10ರಿಂದ 99 ಇದ್ದರೆ 2, 100ರಿಂದ 999 ಇದ್ದರೆ 3, ಸಾವಿರ ದಾಟಿದರೆ 4. ಎಲ್ಲ ಕೂಡಿ ಬರುವ ಮೊತ್ತವೇ ಆ ತಿಂಗಳ ಲೆಕ್ಕ. ಎಣಿಕೆ ಮುಗಿದ ಕೂಡಲೇ ಹುಳುಗಳನ್ನು ಹಿಡಿದ ಜಾಗಕ್ಕೇ ಬಿಡಿ, ಬಿಸಿಲಲ್ಲಿ ಟ್ರೇ ಇಟ್ಟುಕೊಂಡು ಫೋಟೋ ತೆಗೆಯುತ್ತಾ ಕೂರಬೇಡಿ. ತಿಂಗಳಿಗೊಮ್ಮೆ, ಅದೇ ಜಾಗ, ಅದೇ 3 ನಿಮಿಷ. ಒಂದು ವರ್ಷ ಹೀಗೆ ಮಾಡಿದರೆ ನಿಮ್ಮ ಹೊಳೆಗೆ ಯಾವ ತಿಂಗಳು ಎಷ್ಟು ಸಹಜ ಅನ್ನುವುದು ಗೊತ್ತಾಗುತ್ತದೆ. ಅದು ಗೊತ್ತಿದ್ದರೆ ಮಾತ್ರ ಏನೋ ತಪ್ಪಾಗಿದೆ ಅಂತ ಹೇಳೋಕೆ ಸಾಧ್ಯ.

ಇದರಿಂದ ಆಗುವ ಉಪಯೋಗಕ್ಕೆ ಒಂದು ನಿಜವಾದ ಉದಾಹರಣೆ ಇದೆ. ಇಂಗ್ಲೆಂಡಿನ ಕೆನೆಟ್ ನದಿಯಲ್ಲಿ 2013ರ ಜುಲೈನಲ್ಲಿ ಹೀಗೆ ಎಣಿಸಲು ಹೋದ ಸ್ವಯಂಸೇವಕರಿಗೆ ಹುಳುಗಳು, ಸಿಗಡಿಗಳು ಸತ್ತಿರುವುದು ಕಂಡಿತು. ತಕ್ಷಣ ಅಧಿಕಾರಿಗಳಿಗೆ ತಿಳಿಸಿದರು. ಕ್ಲೋರ್‌ಪೈರಿಫಾಸ್ ಅನ್ನುವ ಕೀಟನಾಶಕ ಹೊಳೆಗೆ ಸೇರಿತ್ತು, ಮಾರ್ಲ್‌ಬರೋ ಊರಿನಿಂದ ಕೆಳಗೆ ಸುಮಾರು 15 ಕಿಲೋಮೀಟರ್ ಉದ್ದಕ್ಕೂ ಹುಳುಗಳ ಸಂಸಾರ ಅಳಿಸಿಹೋಗಿತ್ತು. ನೀರು ನೋಡೋಕೆ ತಿಳಿಯಾಗಿದ್ದರೂ ಒಳಗೆ ವಿಷ ಇರಬಹುದು, ಟ್ರೇ ಮುಂದೆ ಕೂತವರಿಗೇ ಅದು ಗೊತ್ತಾಗುವುದು.

ನಿಮಗೂ ಅಂಕ ಇದ್ದಕ್ಕಿದ್ದಂತೆ ಕುಸಿದರೆ ಮೊದಲು ಇನ್ನೊಂದು ಸಲ ಎಣಿಸಿ, ಸಾಧ್ಯವಾದರೆ ಇನ್ನೊಬ್ಬರ ಕೈಯಲ್ಲಿ ಎಣಿಸಿ. ಮಳೆ ಬಂದು ನೆರೆ ಇಳಿದ ಮೇಲೆ ಅಂಕ ಕಮ್ಮಿಯಾಗುವುದು ಸಹಜ, ಅದನ್ನೇ ದೂರು ಮಾಡಬೇಡಿ. ಆದರೂ ಕಮ್ಮಿಯೇ ಬಂದರೆ ಮೇಲ್ಗಡೆ ನಡೆಯುತ್ತಾ ಹೋಗಿ ಎಲ್ಲಿಂದ ಶುರುವಾಗಿದೆ ನೋಡಿ. ಒಂದು ಪೈಪಿನ ಮೇಲ್ಗಡೆ ಹುಳ ಇದ್ದು, ಕೆಳಗಡೆ ಇಲ್ಲದಿದ್ದರೆ ಅನುಮಾನ ಎಲ್ಲಿ ಅಂತ ಆಗಲೇ ಗೊತ್ತಾಯಿತು. ಫೋಟೋ, ದಿನ, ಸಮಯ, ಜಾಗ ಬರೆದುಕೊಂಡು ಮಾಲಿನ್ಯ ನೋಡಿಕೊಳ್ಳುವ ಇಲಾಖೆಗೆ ಅದೇ ದಿನ ತಿಳಿಸಿ. ಯಾರನ್ನೂ ನೀವೇ ಹೋಗಿ ತರಾಟೆಗೆ ತೆಗೆದುಕೊಳ್ಳಬೇಡಿ. ಇಲಾಖೆಯವರು ಬರುವ ಮುಂಚೆ ಪೈಪು ತೊಳೆದಿಟ್ಟರೆ ನಿಮ್ಮ ಹತ್ತಿರ ಏನೂ ಉಳಿಯುವುದಿಲ್ಲ.

ಥರ್ಮಾಮೀಟರ್ ಒಂದು ಜೇಬಲ್ಲಿರಲಿ

ಬಿಸಿಯಾದ ನೀರು ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರಿನಲ್ಲಿ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಕರಗಿರಬಹುದು, 20 ಡಿಗ್ರಿಗೆ ಬರುವಾಗ ಅದು ಸುಮಾರು 9ಕ್ಕೆ ಇಳಿಯುತ್ತದೆ. ಅದೇ ಹೊತ್ತಿಗೆ ಮೀನಿಗೆ ಉಸಿರು ಜಾಸ್ತಿ ಬೇಕಾಗಿರುತ್ತದೆ. ಗಾಳದಲ್ಲಿ ಹೋರಾಡಿ ಸುಸ್ತಾದ ಟ್ರೌಟ್ (ತಣ್ಣಗಿನ ನೀರಿನ ಮೀನು) ಈಜಿಕೊಂಡು ಹೋದ ಹಾಗೆ ಕಂಡರೂ ಆಮೇಲೆ ಸಾಯಬಹುದು, ನಮಗೆ ಗೊತ್ತೂ ಆಗುವುದಿಲ್ಲ. ಹಾಗಾಗಿ ಟ್ರೌಟ್ ಇರುವ ಹೊಳೆಯಾದರೆ ನೀರು 20 ಡಿಗ್ರಿ ಮುಟ್ಟಿದ ದಿನ ಗಾಳ ಹಾಕುವುದಿಲ್ಲ ಅಂತ ಕ್ಲಬ್ಬಿನಲ್ಲಿ ಒಂದು ನಿಯಮ ಮಾಡಿ. ನೆರಳಿನಲ್ಲಿ, ಹರಿಯುವ ನೀರಿನಲ್ಲಿ, ಒಂದು ನಿಮಿಷ ಥರ್ಮಾಮೀಟರ್ ಮುಳುಗಿಸಿಟ್ಟು ಓದಿ. ಬೆಳಿಗ್ಗೆ ತಣ್ಣಗಿದ್ದ ನೀರು ಮಧ್ಯಾಹ್ನ ಮೂರು ನಾಲ್ಕರ ಹೊತ್ತಿಗೆ ಏರಿರುತ್ತದೆ, ಆಗ ಇನ್ನೊಂದು ಸಲ ನೋಡಿ. ದೂರದಿಂದ ಬಂದಿದ್ದೇವೆ, ಒಂದೇ ಒಂದು ಸಲ ಅಂತ ಕೇಳುವವರು ಇರುತ್ತಾರೆ. ಅವತ್ತು ಬೇಡ ಅನ್ನುವ ಧೈರ್ಯ ಕ್ಲಬ್ಬಿಗೆ ಇರಬೇಕು.

ಹಿಡಿದು ಬಿಡುವಾಗಲೂ ಹೀಗೇ ಎಚ್ಚರ ಬೇಕು. ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿ, ಬಿಡಿಸುವಾಗ ಒಂದೇ ತಿರುವಿಗೆ ಕಳಚಿ ಬರುತ್ತದೆ. ಕೈ ಒದ್ದೆ ಮಾಡಿಕೊಳ್ಳದೆ ಮೀನು ಮುಟ್ಟಬೇಡಿ, ಅದರ ಮೈಮೇಲಿನ ಲೋಳೆಯೇ ಅದಕ್ಕೆ ಕಾಯಿಲೆ ತಗಲದಂತೆ ಕಾಯುವುದು, ಒಣ ಕೈ ಅದನ್ನು ಒರೆಸಿ ಹಾಕುತ್ತದೆ. ರಬ್ಬರ್ ಬಲೆ ಇಟ್ಟುಕೊಳ್ಳಿ. ಮೀನು ಬಲೆಯೊಳಗೆ, ಬಲೆ ನೀರೊಳಗೆ. ಫೋಟೋ ಬೇಕೇ ಬೇಕು ಅಂದರೆ ಕ್ಯಾಮೆರಾ ರೆಡಿಯಾದ ಮೇಲೆ ಎತ್ತಿ, 10 ಸೆಕೆಂಡಿನೊಳಗೆ ಮತ್ತೆ ನೀರಿಗೆ. ಬಿಡುವಾಗ ತಲೆ ಹರಿವಿಗೆ ಎದುರಾಗಿರಲಿ, ಹಿಂದೆ ಮುಂದೆ ಎಳೆದಾಡಬೇಡಿ. ಕೈಯೊಳಗೆ ಬಾಲ ಬಿಗಿಯಾಗುತ್ತದೆ, ಒಂದು ಸಲ ಜಾಡಿಸುತ್ತದೆ, ಹೋಗುತ್ತದೆ. ಅಲ್ಲಿಯ ತನಕ ಕಾಯಿರಿ.

ಕಾಲು ಎಲ್ಲಿಡುತ್ತೀರಿ ಅನ್ನುವುದನ್ನು ಯಾರೂ ಜಾಸ್ತಿ ಹೇಳಿಕೊಡುವುದಿಲ್ಲ. ಟ್ರೌಟ್, ಸಾಲ್ಮನ್ ಜಾತಿಯ ಹೆಣ್ಣು ಮೀನು ಬಾಲದಿಂದ ಜಲ್ಲಿ ಗುಡಿಸಿ ಗುಂಡಿ ಮಾಡಿ ಮೊಟ್ಟೆ ಇಟ್ಟು ಮತ್ತೆ ಜಲ್ಲಿ ಮುಚ್ಚುತ್ತದೆ. ಸುತ್ತಲಿನ ಕಲ್ಲು ಪಾಚಿ ಹಿಡಿದು ಕಪ್ಪಗಿದ್ದರೆ ಆ ಜಾಗ ಮಾತ್ರ ತೊಳೆದ ಹಾಗೆ ಬೆಳ್ಳಗೆ, ಒಂದು ಚಾಪೆಯಷ್ಟು ಅಗಲ ಕಾಣುತ್ತದೆ. ಕಲಿಯುವ ಕಾಲದಲ್ಲಿ ನಾನು ಅಂಥ ಜಾಗದ ಮೇಲೇ ನಡೆದು ಹೊಳೆ ದಾಟಿದ್ದೇನೆ, ನೆಲ ಗಟ್ಟಿ ಇದೆ ಅಂತ. ಇವತ್ತಿಗೂ ಅದು ನೆನಪಾದರೆ ಸಂಕಟ ಆಗುತ್ತದೆ. ಮೊಟ್ಟೆ ಇಡುವ ಕಾಲದಲ್ಲಿ ಅಂಥ ಜಾಗಗಳನ್ನು ಗುರುತಿಸಿ ನಕ್ಷೆಯಲ್ಲಿ ಹಾಕಿ, ಮರಿ ಹೊರಬರುವ ತನಕ ಅಲ್ಲಿ ಯಾರೂ ಇಳಿಯದ ಹಾಗೆ ನೋಡಿಕೊಳ್ಳಿ. ತಿಂಗಳ ಎಣಿಕೆಯ ಜಾಗವೂ ಅದರಿಂದ ದೂರ ಇರಲಿ.

ಒಂದು ಹೊಳೆಯಿಂದ ಇನ್ನೊಂದಕ್ಕೆ ಹೋಗುವವರು ಬೂಟಿನ ಜೊತೆ ರೋಗವನ್ನೂ ಪಾಚಿಯನ್ನೂ ಒಯ್ಯುತ್ತಾರೆ. ನ್ಯೂಜಿಲೆಂಡಿನಲ್ಲಿ 2004ರಲ್ಲಿ ಡಿಡಿಮೋ ಅನ್ನುವ ಪಾಚಿ ಪತ್ತೆಯಾಯಿತು, ಹೊಳೆಯ ತಳದ ಮೇಲೆ ಒದ್ದೆ ಉಣ್ಣೆ ಹಾಸಿದ ಹಾಗೆ ಹರಡುವಂಥದ್ದು. 2008ರಲ್ಲಿ ಅಲ್ಲಿ ಗಾಳಗಾರರು ಫೆಲ್ಟ್ (ಒತ್ತಿದ ಉಣ್ಣೆಯಂಥ ದಪ್ಪ ಬಟ್ಟೆ) ಅಡಿಯ ಬೂಟು ಹಾಕುವುದನ್ನೇ ನಿಷೇಧಿಸಿದರು, ಫೆಲ್ಟ್ ಬೇಗ ಒಣಗುವುದಿಲ್ಲ ಅಂತ. ಅವರು ಹೇಳುವ ರೂಢಿ ಸರಳ: ನೋಡಿ, ತೊಳೆಯಿರಿ, ಒಣಗಿಸಿ. ಮುಟ್ಟಿದರೆ ಒಣಗಿದೆ ಅನ್ನಿಸಿದ ಮೇಲೂ 48 ಗಂಟೆ ಬಿಡಬೇಕು. ಎಣಿಕೆಯ ಬಲೆ, ಟ್ರೇಗೂ ಇದೇ ನಿಯಮ.

ದಡದ ಕೆಲಸ

ದಡದಲ್ಲಿ ಗಿಡ ನೆಡುವುದು ಎಲ್ಲರಿಗೂ ಇಷ್ಟದ ಕೆಲಸ, ನೆಟ್ಟ ಮೇಲೆ ಮರೆಯುವುದೂ ಅಷ್ಟೇ ಬೇಗ. ಆ ಜಾಗದಲ್ಲೇ ಬೆಳೆಯುವ ಜಾತಿಯ ಗಿಡ ಮಾತ್ರ ನೆಡಿ. ನೂರು ನೆಟ್ಟು ಬಿಟ್ಟು ಬರುವ ಬದಲು ಇಪ್ಪತ್ತು ನೆಟ್ಟು ಎರಡು ಬೇಸಿಗೆ ನೀರು ಹಾಕಿ. ನೆರಳು ಬಿದ್ದರೆ ನೀರು ತಂಪಾಗಿರುತ್ತದೆ, ಬೇರು ಹಿಡಿದರೆ ಮಣ್ಣು ಜಾರುವುದಿಲ್ಲ. ಜಾರಿದ ಹೂಳು ಜಲ್ಲಿಯ ಸಂದಿ ತುಂಬಿದರೆ ಒಳಗಿನ ಮೊಟ್ಟೆಗೆ ಉಸಿರು ಕಟ್ಟುತ್ತದೆ. ಬಿದ್ದ ಮರವನ್ನು ಕಸ ಅಂತ ಎಳೆದು ಹಾಕಬೇಡಿ, ಅದರ ಕೆಳಗೆ ಮೀನು ಅಡಗುತ್ತದೆ, ಹುಳ ಬೆಳೆಯುತ್ತದೆ. ಎತ್ತಬೇಕಾದ್ದು ಪ್ಲಾಸ್ಟಿಕ್, ಅದರಲ್ಲೂ ತುಂಡಾದ ನೈಲಾನ್ ಲೈನ್. ಹಕ್ಕಿಯ ಕಾಲಿಗೆ ಒಮ್ಮೆ ಸುತ್ತಿಕೊಂಡರೆ ಬಿಡುವುದಿಲ್ಲ. ಎಲ್ಲರ ಜೇಬಿನಲ್ಲೂ ಮುಚ್ಚಳ ಇರುವ ಒಂದು ಸಣ್ಣ ಡಬ್ಬಿ ಇರಲಿ. ಲೈನಿಗೆ ತೂಕಕ್ಕೆ ಹಾಕುವ ಸೀಸದ ಗುಂಡುಗಳನ್ನು ಬಳಸುವುದನ್ನೂ ಬಿಟ್ಟುಬಿಡಿ. ಹಂಸಗಳು ನುಂಗಿ ಸಾಯುತ್ತವೆ ಅಂತ ಬ್ರಿಟನ್ನಿನಲ್ಲಿ 1987ರಲ್ಲೇ ಬಹುತೇಕ ಎಲ್ಲ ಅಳತೆಯ ಸೀಸದ ಗುಂಡುಗಳನ್ನು ನಿಷೇಧಿಸಿದರು.

ಮೀನು ಕಮ್ಮಿಯಾದಾಗ ಮರಿ ತಂದು ಬಿಡೋಣ ಅನ್ನುವ ಮಾತು ಪ್ರತಿ ಕ್ಲಬ್ಬಿನಲ್ಲೂ ಬರುತ್ತದೆ. ಅವಸರ ಮಾಡಬೇಡಿ. 1959ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ, ಔ ಸೇಬಲ್ ಅನ್ನುವ ನದಿಯ ದಡದಲ್ಲಿ ಕೆಲವು ಗಾಳಗಾರರು ಟ್ರೌಟ್ ಅನ್‌ಲಿಮಿಟೆಡ್ ಅನ್ನುವ ಸಂಘ ಶುರು ಮಾಡಿದ್ದೇ ಈ ವಿಷಯಕ್ಕೆ. ಸಾಕಿದ ಮೀನು ಸುರಿಯುವುದನ್ನು ಬಿಟ್ಟು ನೀರನ್ನೂ ನೆಲೆಯನ್ನೂ ಸರಿಮಾಡಿ, ಮೀನು ತಾನೇ ಹೆಚ್ಚುತ್ತದೆ ಅಂತ ಅವರ ವಾದ. ನನಗೂ ಅದೇ ಸರಿ ಅನ್ನಿಸುತ್ತದೆ. ಹುಳವೇ ಇಲ್ಲದ ಹೊಳೆಗೆ ಮರಿ ಬಿಟ್ಟರೆ ಅವು ತಿನ್ನುವುದು ಏನನ್ನು?

ಕೊನೆಗೆ ಪುಸ್ತಕ. ರಟ್ಟಿನ ಹೊದಿಕೆಯ ಒಂದು ನೋಟ್‌ಬುಕ್, ಪೆನ್ ಬೇಡ, ಪೆನ್ಸಿಲ್, ಒದ್ದೆಯಾದರೂ ಅಕ್ಷರ ಹರಡುವುದಿಲ್ಲ. ಒಂದು ದಿನಕ್ಕೆ ಒಂದು ಪುಟ: ದಿನಾಂಕ, ಸಮಯ, ಜಾಗ, ನೀರಿನ ಬಿಸಿ, ನೀರಿನ ಬಣ್ಣ, ಪ್ರತಿ ಗುಂಪಿನ ಅಂಕ, ಒಟ್ಟು. ಮನೆಗೆ ಬಂದ ರಾತ್ರಿಯೇ ಪುಟದ ಫೋಟೋ ತೆಗೆದು ಇನ್ನೊಬ್ಬರಿಗೆ ಕಳಿಸಿ. ಯಾರು ಎಣಿಸಿದ್ದು ಅನ್ನುವುದನ್ನೂ ಬರೆಯಿರಿ, ಮೂರು ವರ್ಷ ಬಿಟ್ಟು ಒಂದು ಅಂಕದ ಬಗ್ಗೆ ಅನುಮಾನ ಬಂದಾಗ ಕೇಳುವುದಕ್ಕೆ ಒಬ್ಬರು ಬೇಕಾಗುತ್ತಾರೆ.