ವಾಸನೆಯಿಲ್ಲದ ಅಮಲು: ನಿದ್ರೆ ಮಾತ್ರೆ, ಸೇಂದಿ ಪುಡಿ, ಸೊಲ್ಯೂಷನ್ ಚಟವನ್ನು ಗುರುತಿಸುವುದು ಹೇಗೆ?

ನಾಲಿಗೆ ತೊದಲುತ್ತದೆ, ಕಾಲು ತೂರಾಡುತ್ತದೆ, ಆದರೆ ಹತ್ತಿರ ಹೋದರೆ ಬಾಯಲ್ಲಿ ಸೆರೆಯ ವಾಸನೆ ಇರುವುದಿಲ್ಲ. ಮೇಲಿಂದ ಮೇಲೆ ಹೀಗಾಗುತ್ತಿದ್ದರೆ ಆಲ್ಪ್ರಝೋಲಾಂ, ಡಯಾಝೆಪಾಂನಂಥ ನಿದ್ರೆ ಮಾತ್ರೆಗಳ ಬಗ್ಗೆ ಅನುಮಾನ ಪಡಬೇಕು. ಹಗಲಿನಲ್ಲೂ ತೂಕಡಿಕೆ, ಕೇಳಿದ್ದನ್ನೇ ಮತ್ತೆ ಕೇಳುವುದು, ರಾತ್ರಿ ಆಡಿದ ಮಾತು ಬೆಳಿಗ್ಗೆ ನೆನಪಿಲ್ಲದಿರುವುದು ಇದರ ಜೊತೆಗಿರುವ ಲಕ್ಷಣಗಳು. ಮೊದಲ ಬಾರಿಗೆ, ಏಕಾಏಕಿ ತೊದಲಿದರೆ ಮಾತ್ರ ಚಟವೆಂದು ಬೈಯುತ್ತ ಕೂರಬಾರದು; ಅದು ಲಕ್ವಾ ಇರಬಹುದು, ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆ ಇಳಿದದ್ದೂ ಇರಬಹುದು.

ಮಾತ್ರೆಯ ಪಟ್ಟಿಯನ್ನು ಎಣಿಸಿ ನೋಡಿ. ಹತ್ತು ದಿನಕ್ಕೆ ಬರೆದದ್ದು ನಾಲ್ಕೇ ದಿನದಲ್ಲಿ ಮುಗಿದಿದ್ದರೆ ಬೇರೆ ಸಾಕ್ಷಿ ಬೇಕಿಲ್ಲ. ಇವು ವೈದ್ಯರ ಚೀಟಿಯಿಲ್ಲದೆ ಮಾರಬಾರದ, ಕಾನೂನಿನ ಎಚ್1 ಅನುಸೂಚಿಯ ಔಷಧಿಗಳಾಗಿದ್ದು, ವೈದ್ಯರ ಮತ್ತು ರೋಗಿಯ ಹೆಸರನ್ನು ಅಂಗಡಿಯವರು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಟ್ಟುಕೊಳ್ಳಬೇಕೆಂಬ ನಿಯಮವಿದೆ. ಆದ್ದರಿಂದ ಚೀಟಿಯಿಲ್ಲದೆ, ಕತ್ತರಿಸಿದ ಪಟ್ಟಿಯ ತುಂಡುಗಳು ದಿಂಬಿನ ಕೆಳಗೆ ಸಿಗುವುದು ಸಣ್ಣ ವಿಷಯವಲ್ಲ.

ನಮ್ಮ ಭಾಗದಲ್ಲಿ ಹೆಚ್ಚು ಮೋಸಗೊಳಿಸುವುದು ಸೇಂದಿ, ಅಂದರೆ ಈಚಲು ಮರದ ಹೆಂಡ. ತೆಲಂಗಾಣದ ಗಡಿಗೆ ತಾಗಿದ ಸೇಡಂ, ಗುರುಮಠಕಲ್ ಕಡೆಯವರಿಗೆ 'ಸಿ.ಎಚ್. ಪೌಡರ್' ಎಂಬ ಹೆಸರು ಹೊಸದಲ್ಲ. ಅಮಲೇರಿಸಲು ಸೇಂದಿಗೆ ಬೆರೆಸುವ ಅದು ಕ್ಲೋರಲ್ ಹೈಡ್ರೇಟ್, ಹಿಂದೆ ನಿದ್ರೆಗೆಂದು ಕೊಡುತ್ತಿದ್ದ ರಾಸಾಯನಿಕ. ಒಂದೆರಡು ಗ್ಲಾಸಿಗೇ ಆಳು ಕುಸಿದರೆ ಅದು ಬರೀ ಮರದ ರಸದ ಅಮಲಲ್ಲ. ಪುಡಿ ಬೆರೆತದ್ದನ್ನು ವರ್ಷಗಟ್ಟಲೆ ಕುಡಿದವರಿಗೆ ತಾವು ಔಷಧಿಯ ಚಟಕ್ಕೆ ಬಿದ್ದಿರುವುದೇ ಗೊತ್ತಿರುವುದಿಲ್ಲ. ಸೇಂದಿ ಸಿಗದೆ ಒಂದೆರಡು ದಿನ ಕಳೆಯುತ್ತಲೇ ಕೈ ನಡುಗುತ್ತದೆ, ಬೆವರು ಕಿತ್ತುಬರುತ್ತದೆ, ನಿದ್ದೆ ಹಾರುತ್ತದೆ, ಇಲ್ಲದವರು ಕಾಣುತ್ತಾರೆ, ಕೆಲವರಿಗೆ ಫಿಟ್ಸ್ ಬರುತ್ತದೆ. ಮನೆಯವರು ಗಾಳಿ ಸೋಕಿತೆಂದು ತಾಯಿತ ಕಟ್ಟಿಸಲು ಓಡುವುದು ಇಂಥ ಹೊತ್ತಿನಲ್ಲೇ, ಓಡಬೇಕಾದದ್ದು ಆಸ್ಪತ್ರೆಗೆ. ಮಾತ್ರೆಯನ್ನಾಗಲಿ ಇಂಥ ಸೇಂದಿಯನ್ನಾಗಲಿ ಹಟದಿಂದ ಒಮ್ಮೆಲೇ ಬಿಡಿಸಿದರೆ ಜೀವಕ್ಕೇ ಅಪಾಯವಾಗಬಹುದು, ವೈದ್ಯರು ಪ್ರಮಾಣವನ್ನು ವಾರಗಟ್ಟಲೆ ಹಂತಹಂತವಾಗಿ ಇಳಿಸುತ್ತಾರೆ.

ಪಂಕ್ಚರ್ ಸೊಲ್ಯೂಷನ್, ಥಿನ್ನರ್, ಪೆಟ್ರೋಲ್ ಮೂಸುವ ಮಕ್ಕಳ ವಿಷಯ ತದ್ವಿರುದ್ಧ: ಇಲ್ಲಿ ವಾಸನೆಯೇ ಸುಳಿವು. ಅಮಲು ಕೆಲವು ನಿಮಿಷಗಳಲ್ಲಿ ಇಳಿಯುವುದರಿಂದ ಹುಡುಗನ ಮುಖಕ್ಕಿಂತ ಅವನ ಅಂಗಿಯ ತೋಳನ್ನು, ಜೇಬಿನಲ್ಲಿ ಮುದುಡಿದ ಕರವಸ್ತ್ರವನ್ನು, ಒಳಗೆ ಅಂಟು ಮೆತ್ತಿದ ಪ್ಲಾಸ್ಟಿಕ್ ಚೀಲವನ್ನು ನೋಡಬೇಕು. ಮೂಗು–ಬಾಯಿಯ ಸುತ್ತ ಗುಳ್ಳೆ, ಕೆಂಪಗೆ ನೀರೂರುವ ಕಣ್ಣು, ಊಟ ಸೇರದಿರುವುದು ಅನುಮಾನವನ್ನು ಗಟ್ಟಿಮಾಡುತ್ತವೆ. ಮೂಸುತ್ತಿರುವಾಗ ಸಿಕ್ಕಿಬಿದ್ದರೆ ಗದರಿಸಬೇಡಿ, ಬೆನ್ನಟ್ಟಬೇಡಿ. ಆ ಗಳಿಗೆಯಲ್ಲಿ ಗಾಬರಿಯಾಗಿ ಓಡಿದರೆ ಹೃದಯದ ಬಡಿತ ತಪ್ಪಿ ಅಲ್ಲೇ ಪ್ರಾಣ ಹೋಗಬಹುದು. ಕಿಟಕಿ ತೆರೆದು, ಮೆಲ್ಲಗೆ ಮಾತಾಡಿಸಿ ಕೂರಿಸಿಕೊಳ್ಳಿ.

ಎಬ್ಬಿಸಿದರೂ ಏಳದೆ, ಉಸಿರು ನಿಧಾನವಾಗಿ, ಗೊರಗೊರ ಸದ್ದು ಬರುತ್ತಿದ್ದರೆ ಅದನ್ನು ಒಳ್ಳೆಯ ನಿದ್ದೆಯೆಂದು ಬಿಡಬೇಡಿ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ವಾಂತಿ ಮಾಡಿಸದೆ 108ಕ್ಕೆ ಕರೆ ಮಾಡಿ. ತುರ್ತಿಲ್ಲದಾಗ ಸಲಹೆಗೆ ಚಟ ಬಿಡಿಸುವ ಸಹಾಯವಾಣಿ 14446 ಅಥವಾ ಮಾನಸಿಕ ಆರೋಗ್ಯದ ಸಹಾಯವಾಣಿ 14416 ಇದೆ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್, ಈ ಸರ್ಕಾರಿ ಆಸ್ಪತ್ರೆಗಳಲ್ಲಿ ಎಲ್ಲಿಗೇ ಹೋದರೂ ಸಿಕ್ಕಿದ ಪಟ್ಟಿ, ಟ್ಯೂಬು, ಬಾಟಲಿಗಳನ್ನು ತೊಳೆಯದೆ ಹಾಗೆಯೇ ಚೀಲಕ್ಕೆ ಹಾಕಿಕೊಂಡು ಹೋಗಿ ವೈದ್ಯರಿಗೆ ತೋರಿಸಿ.