ಅಮೆರಿಕದ ಶಾಲಾ ನರ್ಸ್ ಪರೀಕ್ಷೆಗೆ ಓದುವುದು ಹೇಗೆ?

ಹತ್ತು ವರ್ಷದ ಹುಡುಗನೊಬ್ಬ ಆಟದ ಬಯಲಿನಿಂದ ನಿಮ್ಮ ಕೋಣೆಗೆ ಬರುತ್ತಾನೆ. ಅವನಿಗೆ ಟೈಪ್ 1 ಡಯಾಬಿಟಿಸ್ ಇದೆ. ಕೈ ನಡುಗುತ್ತಿದೆ, ಹಣೆ ಬೆವರಿದೆ. ಎಚ್ಚರವಾಗಿದ್ದಾನೆ, ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡುತ್ತಿದ್ದಾನೆ. ರಕ್ತದ ಸಕ್ಕರೆ ಅಳೆಯುವ ಮೀಟರ್ 62 mg/dL ತೋರಿಸುತ್ತಿದೆ. ಅಮ್ಮನಿಗೆ ಫೋನ್ ಮಾಡಬೇಕು, ಜ್ಯೂಸ್ ಕೊಡಬೇಕು, ದಾಖಲೆಯಲ್ಲಿ ಬರೆಯಬೇಕು, ಟೀಚರಿಗೆ ತಿಳಿಸಬೇಕು. ನಾಲ್ಕೂ ಸರಿಯೇ. ಆದರೆ ಮೊದಲು ಯಾವುದು?

ಜ್ಯೂಸ್. ಬೇಗ ರಕ್ತಕ್ಕೆ ಸೇರುವ ಸಕ್ಕರೆ 15 ಗ್ರಾಂ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಇನ್ನೂ 70ಕ್ಕಿಂತ ಕಡಿಮೆ ಇದ್ದರೆ ಮತ್ತೊಮ್ಮೆ ಕೊಡಬೇಕು. ಅದೇ ಹುಡುಗ ಪ್ರಜ್ಞೆ ತಪ್ಪಿದ್ದರೆ ಉತ್ತರವೇ ಬೇರೆ. ಆಗ ಬಾಯಿಗೆ ಏನೂ ಹಾಕುವಂತಿಲ್ಲ. ರಕ್ತದ ಸಕ್ಕರೆ ಏರಿಸುವ ಗ್ಲುಕಗಾನ್ ಔಷಧಿ ಕೊಡಬೇಕು, ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ಕರೆ ಹೋಗಬೇಕು.

ಅಮೆರಿಕದಲ್ಲಿ ಶಾಲಾ ನರ್ಸ್ ಪರೀಕ್ಷೆಗೆ ಓದುವವರು ಹೀಗೇ ಯೋಚಿಸಿ ಅಭ್ಯಾಸ ಮಾಡಬೇಕು. ಆಸ್ಪತ್ರೆಯಲ್ಲಿ ಪಕ್ಕದಲ್ಲೇ ಡಾಕ್ಟರ್ ಇರುತ್ತಾರೆ. ಶಾಲೆಯಲ್ಲಿ ಎಷ್ಟೋ ಸಲ ಇಡೀ ಕಟ್ಟಡಕ್ಕೆ ನೀವೊಬ್ಬರೇ.

ಮೊದಲಿಗೆ ಅರ್ಹತೆ ನೋಡಿಕೊಳ್ಳಿ. ಎನ್‌ಸಿಎಸ್‌ಎನ್ ಎಂಬ ರಾಷ್ಟ್ರೀಯ ಪ್ರಮಾಣಪತ್ರ ಕೊಡುವುದು ನ್ಯಾಷನಲ್ ಬೋರ್ಡ್ ಫಾರ್ ಸರ್ಟಿಫಿಕೇಷನ್ ಆಫ್ ಸ್ಕೂಲ್ ನರ್ಸಸ್. ಇದಕ್ಕೆ ಚಾಲ್ತಿಯಲ್ಲಿರುವ ಆರ್‌ಎನ್, ಅಂದರೆ ನೋಂದಾಯಿತ ನರ್ಸ್ ಲೈಸೆನ್ಸ್ ಬೇಕೇ ಬೇಕು. ಕೆಲವು ರಾಜ್ಯಗಳು ತಮ್ಮದೇ ಬೇರೆ ಅರ್ಹತಾಪತ್ರವನ್ನೂ ಕೇಳುತ್ತವೆ. ಎರಡೂ ಒಂದೇ ಎಂದುಕೊಳ್ಳಬೇಡಿ. ಮಂಡಳಿಯ ಈ ವರ್ಷದ ಕೈಪಿಡಿಯನ್ನೇ ಓದಿ. ಹಳೇ ಗೆಳತಿಯ ನೋಟ್ಸ್ ನಂಬಿ ಕೂರಬೇಡಿ.

ಕೈಪಿಡಿಯಲ್ಲಿ ವಿಷಯಗಳ ಪಟ್ಟಿ ಇರುತ್ತದೆ. ಅದನ್ನು ಪ್ರಿಂಟ್ ತೆಗೆದು, ಬಾಯಿ ಬಿಟ್ಟು ಎರಡು ನಿಮಿಷ ವಿವರಿಸಲಾಗದ ಸಾಲುಗಳಿಗೆಲ್ಲ ಗೆರೆ ಎಳೆಯಿರಿ. ಆಸ್ಪತ್ರೆಯಿಂದ ಬಂದವರಿಗೆ ಉಬ್ಬಸ, ಫಿಟ್ಸ್, ಅಲರ್ಜಿ ಸುಲಭ ಅನಿಸುತ್ತದೆ. ಗೆರೆ ಜಾಸ್ತಿ ಬೀಳುವುದು ಕಾನೂನಿನ ಕಡೆ. ಓದು ಶುರುವಾಗಬೇಕಾದದ್ದೂ ಅಲ್ಲಿಂದಲೇ.

ಮೂರು ಕಾನೂನುಗಳನ್ನು ಗಟ್ಟಿ ಮಾಡಿಕೊಳ್ಳಿ. 1973ರ ಪುನರ್ವಸತಿ ಕಾಯ್ದೆಯ ಸೆಕ್ಷನ್ 504, ವಿದ್ಯಾರ್ಥಿಗಳ ದಾಖಲೆಗಳ ಗೋಪ್ಯತೆ ಕಾಯುವ 1974ರ ಫೆರ್ಪಾ, ಮತ್ತು ಐಡಿಯಾ ಎಂದು ಕರೆಯುವ ವಿಶೇಷ ಶಿಕ್ಷಣದ ಕಾನೂನು. ಸುಮ್ನೆ ಹೆಸರು, ಇಸವಿ ಉರು ಹೊಡೆದರೆ ಪ್ರಯೋಜನವಿಲ್ಲ. ಒಂದೊಂದಕ್ಕೂ ಒಂದೊಂದು ಮಗುವನ್ನು ಕಲ್ಪಿಸಿಕೊಳ್ಳಿ. ಚೆನ್ನಾಗಿ ಓದುವ ಹುಡುಗಿ, ಆದರೆ ತೀವ್ರ ಉಬ್ಬಸ. ಅವಳಿಗೆ ವಿಶೇಷ ಪಾಠ ಬೇಡ, ಶಾಲೆಯಲ್ಲಿ ಅನುಕೂಲಗಳು ಬೇಕು. ಅಲ್ಲಿ ನೆನಪಾಗಬೇಕಾದದ್ದು 504. ಅಂಗವೈಕಲ್ಯದಿಂದಾಗಿ ಪಾಠವನ್ನೇ ಬೇರೆ ರೀತಿ ಹೇಳಿಕೊಡಬೇಕಾದ ಹುಡುಗ ಬಂದರೆ ಐಡಿಯಾ, ಅದರ ಜೊತೆಗೆ ಐಇಪಿ, ಅಂದರೆ ಆ ಮಗುವಿಗೆಂದೇ ಬರೆದ ಶಿಕ್ಷಣ ಯೋಜನೆ. ಸರ್ಕಾರಿ ಶಾಲೆಯಲ್ಲಿ ನೀವು ಇಡುವ ಆರೋಗ್ಯ ದಾಖಲೆ ಸಾಮಾನ್ಯವಾಗಿ ಫೆರ್ಪಾ ಅಡಿ ಬರುತ್ತದೆ, ಆಸ್ಪತ್ರೆಗಳ ರೋಗಿ ದಾಖಲೆಗಳ ಗೋಪ್ಯತೆಯ ಕಾನೂನಾದ ಹಿಪಾ ಅಡಿ ಅಲ್ಲ. ಆಸ್ಪತ್ರೆಯ ಅಭ್ಯಾಸ ಇದ್ದವರು ಎಡವುವುದು ಇಲ್ಲೇ.

ಮಕ್ಕಳ ಮೇಲಿನ ದೌರ್ಜನ್ಯದ ವಿಷಯವನ್ನೂ ಇದರ ಜೊತೆಗೇ ಓದಿ. ವರದಿ ಮಾಡಲು ಸಾಕ್ಷಿ ಬೇಕಿಲ್ಲ, ಸಕಾರಣವಾದ ಅನುಮಾನ ಸಾಕು. ತನಿಖೆ ನಿಮ್ಮ ಕೆಲಸವಲ್ಲ. ಪ್ರಿನ್ಸಿಪಾಲರಿಗೆ ಹೇಳಿದೆ ಎಂದ ಮಾತ್ರಕ್ಕೆ ನಿಮ್ಮ ಹೊಣೆ ಮುಗಿಯುವುದಿಲ್ಲ.

ಶಾಲೆಯ ಬೇರೆ ಸಿಬ್ಬಂದಿಗೆ ಕೆಲಸ ವಹಿಸುವುದು ಇನ್ನೊಂದು ಮುಖ್ಯ ಭಾಗ. ಸರಿಯಾದ ಕೆಲಸ, ಸರಿಯಾದ ಸಂದರ್ಭ, ಸರಿಯಾದ ವ್ಯಕ್ತಿ, ಸರಿಯಾದ ಸೂಚನೆ, ಸರಿಯಾದ ಮೇಲ್ವಿಚಾರಣೆ. ಈ ಐದನ್ನು ನಿಮ್ಮ ಶಾಲೆಯ ಒಂದು ನಿಜವಾದ ಘಟನೆಗೆ ಹಚ್ಚಿ ನೋಡಿ. ನರ್ಸ್‌ನ ತೀರ್ಮಾನ ಬೇಕಾಗುವ ಕೆಲಸವನ್ನು, ಅಂದರೆ ಮಗುವಿನ ಸ್ಥಿತಿ ಅಳೆಯುವುದನ್ನು, ಬೇರೆಯವರಿಗೆ ವಹಿಸಲಾಗದು.

ಅಂಕಿಗಳಿಗೆ ಚೀಟಿ ಮಾಡಿಕೊಂಡರೆ ಸಾಕು. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, ಅದೇ ವಯಸ್ಸಿನ, ಅದೇ ಲಿಂಗದ ಮಕ್ಕಳಿಗೆ ಹೋಲಿಸಿದಾಗ 85ರಿಂದ 95ನೇ ಪರ್ಸೆಂಟೈಲ್ ಒಳಗಿದ್ದರೆ ಅಧಿಕ ತೂಕ, 95 ಅಥವಾ ಮೇಲಿದ್ದರೆ ಬೊಜ್ಜು. ಉಬ್ಬಸದಲ್ಲಿ ಪೀಕ್ ಫ್ಲೋ, ಅಂದರೆ ಉಸಿರು ಹೊರಬಿಡುವ ವೇಗ, ಆ ಮಗುವಿನದೇ ಅತ್ಯುತ್ತಮ ಅಂಕಿಯ ಅರ್ಧಕ್ಕಿಂತ ಕೆಳಗಿದ್ದರೆ ಕೆಂಪು ವಲಯ, ಅಂದರೆ ಅಪಾಯ. ಫಿಟ್ಸ್ 5 ನಿಮಿಷ ದಾಟಿದರೆ 911. ತೀವ್ರ ಅಲರ್ಜಿಗೆ ಮೊದಲು ಎಪಿನೆಫ್ರಿನ್ ಚುಚ್ಚುಮದ್ದು, ಅಲರ್ಜಿ ಮಾತ್ರೆಯಲ್ಲ.

ಒಂದು ಹಳೇ ಕಥೆ ನನಗೆ ತುಂಬ ಇಷ್ಟ. 1902ರಲ್ಲಿ ನ್ಯೂಯಾರ್ಕಿನಲ್ಲಿ ಕಣ್ಣಿನ ಸೋಂಕು, ಹೇನು, ಹುಳುಕಡ್ಡಿ ಅಂತ ಮಕ್ಕಳನ್ನು ರಾಶಿ ರಾಶಿ ಮನೆಗೆ ಕಳಿಸುತ್ತಿದ್ದರು. ಚಿಕಿತ್ಸೆ ಆಯಿತೇ ಎಂದು ನೋಡುವವರಿರಲಿಲ್ಲ. ಅಲ್ಲಿನ ಬಡವರಿಗಾಗಿ ದುಡಿಯುತ್ತಿದ್ದ ನರ್ಸ್ ಲಿಲಿಯನ್ ವಾಲ್ಡ್ ಅವರ ಪ್ರಯತ್ನದಿಂದ ನರ್ಸ್ ಲೀನಾ ರಾಜರ್ಸ್ ಅಲ್ಲಿನ ಶಾಲೆಗಳಿಗೆ ಹೋದರು. ಮಕ್ಕಳಿಗೆ ಶಾಲೆಯಲ್ಲೇ ಆರೈಕೆ ಮಾಡಿದರು, ಮನೆಗೂ ಹೋಗಿ ಹೇಳಿಕೊಟ್ಟರು. ಗೈರುಹಾಜರಿ ಇಳಿಯಿತು. ಅದೇ ಯೋಚನೆ ಇವತ್ತಿಗೂ ಇದೆ. ತಲೆಯಲ್ಲಿ ಹೇನು ಕಂಡಿತೆಂದು ಮಗುವನ್ನು ತಕ್ಷಣ ಮನೆಗೆ ಅಟ್ಟಬೇಕಿಲ್ಲ, ದಿನ ಮುಗಿದ ಮೇಲೆ ಹೋದರೆ ಸಾಕು. ಎರಡು ಉತ್ತರಗಳ ನಡುವೆ ಸಿಕ್ಕಿಕೊಂಡಾಗ ಕೇಳಿಕೊಳ್ಳಿ: ಅಪಾಯವಿಲ್ಲದೆ ಮಗುವನ್ನು ಪಾಠದಲ್ಲಿ ಉಳಿಸುವುದು ಯಾವುದು?

ಮೂರು ತಿಂಗಳು ಕೈಯಲ್ಲಿದ್ದರೆ ಕೊನೆಯ ತಿಂಗಳನ್ನು ಅಣಕು ಪ್ರಶ್ನೆಗಳಿಗೇ ಬಿಡಿ. ತಪ್ಪಾದ ಪ್ರತಿಯೊಂದಕ್ಕೂ ಒಂದು ವಹಿಯಲ್ಲಿ ಒಂದು ಸಾಲು ಬರೆದಿಡಿ: ವಿಷಯ ಗೊತ್ತಿರಲಿಲ್ಲವೋ, ಅಥವಾ ‘ಮೊದಲು’, ‘ಹೊರತು’ ಎಂಬ ಪದ ಕಣ್ತಪ್ಪಿತೋ? ಎರಡನೆಯದೇ ಜಾಸ್ತಿ ಇದ್ದರೆ ಇನ್ನಷ್ಟು ಪುಸ್ತಕ ಓದಬೇಡಿ, ಪ್ರಶ್ನೆಗಳನ್ನು ನಿಧಾನವಾಗಿ ಓದಿ.

ಪಾಸಾದ ಮೇಲೆ ಆ ವಹಿಯನ್ನು ಎಸೆಯಬೇಡಿ. ಪ್ರಮಾಣಪತ್ರದ ಅವಧಿ 5 ವರ್ಷ, ಆಮೇಲೆ ನವೀಕರಿಸಬೇಕು.