ಟೆಬುಕೊನಜೋಲನ್ನು ಮಣ್ಣು ಹಿಡಿದದ್ದೆಷ್ಟು, ಬಿಟ್ಟದ್ದೆಷ್ಟು: ನಾನು ಅಳೆಯುವ ಬಗೆ

ಟೆಬುಕೊನಜೋಲ್ ಬೆಳೆಯ ಶಿಲೀಂಧ್ರ ರೋಗಕ್ಕೆ ಹೊಡೆಯುವ ಔಷಧಿ. ಅಳೆಯಲು ಎರಡು ಮಣ್ಣು ತೆಗೆದುಕೊಳ್ಳುತ್ತೇನೆ: ಮಲೆನಾಡಿನ ಅಡಿಕೆ ತೋಟದ ಮೇಲ್ಮಣ್ಣು, ವಿಜಯಪುರ ಕಡೆಯ ದ್ರಾಕ್ಷಿ ತೋಟದ ಎರೆಮಣ್ಣು. ಕಪ್ಪಗೆ, ಜಿಗುಟಾಗಿರುವ ಎರೆಯೇ ಔಷಧಿಯನ್ನು ಹೆಚ್ಚು ಹಿಡಿಯುತ್ತದೆಂದು ಬಹಳ ಜನ ಊಹಿಸುತ್ತಾರೆ. ಆದರೆ ನೀರಿಗಿಂತ ಕೊಬ್ಬಿಗೆ ಒಲಿಯುವ ಟೆಬುಕೊನಜೋಲ್‌ಗೆ ಮುಖ್ಯವಾಗುವುದು ಸಾವಯವ ಇಂಗಾಲ. ವರ್ಷವರ್ಷ ಸೊಪ್ಪು-ಗೊಬ್ಬರ ತಿಂದ ಅಡಿಕೆ ತೋಟದ ಮಣ್ಣಿನಲ್ಲಿ ಅದು ಸಾಮಾನ್ಯವಾಗಿ ಹೆಚ್ಚು.

ಮಣ್ಣನ್ನು ನೆರಳಲ್ಲಿ ಒಣಗಿಸಿ 2 ಮಿ.ಮೀ. ಜರಡಿ ಹಿಡಿಯಿರಿ. ಒಣಗಿದಂತೆ ಕಂಡರೂ ಎರೆಯಲ್ಲಿ ತೇವ ಉಳಿದಿರುತ್ತದೆ. ಸ್ವಲ್ಪ ಮಣ್ಣನ್ನು 105 ಡಿಗ್ರಿಯಲ್ಲಿ ಒಣಗಿಸಿ ನಿಜವಾದ ತೂಕ ಲೆಕ್ಕ ಹಾಕಿ. ದ್ರಾವಣಕ್ಕೆ ಬಟ್ಟಿನೀರು ಮಾತ್ರ ಸಾಲದು, ಲೀಟರಿಗೆ 1.47 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ ಹಾಕಿ. ಇಲ್ಲದಿದ್ದರೆ ಜೇಡಿ ತೇಲುತ್ತಲೇ ಇದ್ದು, ಅದಕ್ಕಂಟಿದ ಔಷಧಿಯೂ ಕರಗಿದ್ದೆಂದು ಲೆಕ್ಕಕ್ಕೆ ಬರುತ್ತದೆ.

ಗಾಜಿನ ಟ್ಯೂಬಿನಲ್ಲಿ 5 ಗ್ರಾಂ ಮಣ್ಣು, 25 ಮಿ.ಲೀ. ದ್ರಾವಣ. ರಾತ್ರಿಯಿಡೀ ನೆನೆಸಿದ ಮೇಲೆ ಔಷಧಿ ಸೇರಿಸಿ 24 ಗಂಟೆ ಅಲ್ಲಾಡಿಸಿ, ಸೆಂಟ್ರಿಫ್ಯೂಜ್ ಮಾಡಿ (ರಭಸವಾಗಿ ತಿರುಗಿಸಿ ಮಣ್ಣನ್ನು ತಳಕ್ಕಿಳಿಸಿ) ಮೇಲಿನ ತಿಳಿಯನ್ನು ಎಚ್‌ಪಿಎಲ್‌ಸಿಗೆ, ಅಂದರೆ ದ್ರಾವಣದಲ್ಲಿ ಔಷಧಿ ಎಷ್ಟಿದೆಯೆಂದು ಅಳೆಯುವ ಯಂತ್ರಕ್ಕೆ, ಕೊಡುತ್ತೇನೆ. ಔಷಧಿ ಕರಗಿಸಿದ ಅಸಿಟೋನೈಟ್ರೈಲ್ ಒಟ್ಟು ದ್ರಾವಣದ ಶೇ. 0.1 ಮೀರಬಾರದು. ಮಣ್ಣಿಲ್ಲದ ಒಂದು ಟ್ಯೂಬ್, ಔಷಧಿಯಿಲ್ಲದ ಒಂದು ಟ್ಯೂಬ್ ಜೊತೆಗಿರಲೇಬೇಕು. ನೈಲಾನ್ ಫಿಲ್ಟರ್ ಬೇಡ, ಅದೂ ಔಷಧಿ ನುಂಗುತ್ತದೆ.

ಲೀಟರಿಗೆ 2 ಮಿ.ಗ್ರಾಂ ಇದ್ದದ್ದು 0.8ಕ್ಕೆ ಇಳಿಯಿತೆನ್ನಿ. ಮಣ್ಣು ಹಿಡಿದದ್ದು 30 ಮೈಕ್ರೋಗ್ರಾಂ, ಅಂದರೆ ಗ್ರಾಂಗೆ 6, 0.8ರಿಂದ ಭಾಗಿಸಿದರೆ ಕೆಡಿ (ಮಣ್ಣು ಹಿಡಿದದ್ದಕ್ಕೂ ದ್ರಾವಣದಲ್ಲಿ ಉಳಿದದ್ದಕ್ಕೂ ಇರುವ ಅನುಪಾತ) 7.5.

ಎಡವುವುದು ಬಿಡುಗಡೆಯ ಲೆಕ್ಕದಲ್ಲಿ. ಮೇಲಿನ ತಿಳಿ ಬಸಿದರೂ ಮಣ್ಣಿನಲ್ಲಿ ಸುಮಾರು 3 ಮಿ.ಲೀ. ಹಳೆ ದ್ರಾವಣ ಉಳಿದಿರುತ್ತದೆ (ಹಿಗ್ಗುವ ಎರೆಯಲ್ಲಿ ಇನ್ನೂ ಹೆಚ್ಚು), ಅದರಲ್ಲೇ 2.4 ಮೈಕ್ರೋಗ್ರಾಂ. ಹೊಸ ದ್ರಾವಣ 22 ಮಿ.ಲೀ. ತುಂಬಿ ಮತ್ತೆ 24 ಗಂಟೆ ಅಲ್ಲಾಡಿಸಿದಾಗ 0.4 ಬಂದರೆ ಒಟ್ಟು 10 ಮೈಕ್ರೋಗ್ರಾಂ. ಮಣ್ಣು ಬಿಟ್ಟದ್ದು ಮಾತ್ರ 7.6, ಅಂದರೆ ಶೇ. 25, ಆ 2.4 ಕಳೆಯಲು ಮರೆತವರಿಗೆ ಶೇ. 33 ಸಿಗುತ್ತದೆ. ಅದಕ್ಕೇ ಪ್ರತಿ ಹಂತದಲ್ಲೂ ಟ್ಯೂಬ್ ತೂಗಿ ಬರೆದಿಡುತ್ತೇನೆ. ಹಿಡಿದಂತೆಯೇ ಬಿಡುವ ಮಣ್ಣಾಗಿದ್ದರೆ 0.4ರ ಬದಲು 0.52 ಬರಬೇಕಿತ್ತು. ಆ ವ್ಯತ್ಯಾಸವೇ ಮಣ್ಣಿನ ಹಟ. ಹಾಗೆಂದು ತೀರ್ಮಾನಿಸುವ ಮೊದಲು ಉಳಿದ ಮಣ್ಣನ್ನು ಅಸಿಟೋನೈಟ್ರೈಲ್‌ನಲ್ಲಿ ತೊಳೆದು ಒಟ್ಟು ಲೆಕ್ಕ ತಾಳೆ ನೋಡುತ್ತೇನೆ. ಕೊರತೆ ಬಿದ್ದರೆ ಸೂಕ್ಷ್ಮಾಣುಗಳು ಕೊಳೆಯಿಸಿರಲೂಬಹುದು.

ಮೆಟಲಾಕ್ಸಿಲ್ ಎಂಬ ಇನ್ನೊಂದು ಶಿಲೀಂಧ್ರನಾಶಕಕ್ಕೆ ಮಣ್ಣು-ದ್ರಾವಣದ ಈ 1:5 ಅನುಪಾತ ಒಗ್ಗದು. ಅದು ನೀರಲ್ಲಿ ಚೆನ್ನಾಗಿ ಕರಗುತ್ತದೆ, ಮಣ್ಣು ಹಿಡಿಯುವುದು ಕಡಿಮೆ. ಸಾಂದ್ರತೆಯ ಇಳಿಕೆ ಉಪಕರಣದ ತಪ್ಪಿನಷ್ಟೇ ಸಣ್ಣದಾಗಿಬಿಡುತ್ತದೆ. ಅದಕ್ಕೆ 1:1 ಇಡಿ.